ಒಂದು ಎ4 ಹಾಳೆಯಿಂದ ಶುರು: ನಿಮ್ಮ ಕನ್ನಡ ಕಾಮಿಕ್ ಪುಸ್ತಕವನ್ನು ನೀವೇ ಮಾಡಿ, ನೀವೇ ಮಾರುವುದು ಹೇಗೆ

"ಚಿತ್ರ ಬಿಡಿಸೋಕೆ ಬರುತ್ತೆ. ತಲೆಯಲ್ಲಿ ಒಂದು ಕಥೆ ಇದೆ. ಕನ್ನಡದಲ್ಲಿ ಕಾಮಿಕ್ ಮಾಡಬೇಕು. ಎಲ್ಲಿಂದ ಶುರು ಮಾಡ್ಲಿ? ಪ್ರಕಾಶಕರು ಸಿಗ್ತಾರಾ?"

ಹೆಚ್ಚುಕಡಿಮೆ ಇದೇ ಮಾತಿನಲ್ಲಿ ಈ ಪ್ರಶ್ನೆ ನನಗೆ ಮತ್ತೆ ಮತ್ತೆ ಬರುತ್ತದೆ. ಕೇಳುವವರಲ್ಲಿ ಕಾಲೇಜು ಹುಡುಗರಿದ್ದಾರೆ, ಶಾಲೆಯ ಡ್ರಾಯಿಂಗ್ ಮೇಷ್ಟ್ರಿದ್ದಾರೆ, ಮಕ್ಕಳು ಮಲಗಿದ ಮೇಲೆ ಬಿಡಿಸಲು ಕೂರುವ ಅಮ್ಮಂದಿರಿದ್ದಾರೆ. ಒಬ್ಬೊಬ್ಬರಿಗೆ ತುಂಡು ತುಂಡಾಗಿ ಉತ್ತರ ಹೇಳುವ ಬದಲು ಪೂರ್ತಿ ದಾರಿಯನ್ನು ಇಲ್ಲಿ ಬರೆದಿದ್ದೇನೆ.

ಪ್ರಕಾಶಕರ ವಿಷಯ ಮೊದಲು ಹೇಳಿಬಿಡುತ್ತೇನೆ. ಕನ್ನಡದಲ್ಲಿ ಹೊಸಬರ ಕಾಮಿಕ್ ತೆಗೆದುಕೊಳ್ಳುವ ಪ್ರಕಾಶಕರು ಕಡಿಮೆ. ಅವರನ್ನು ಕಾಯುತ್ತಾ ಕೂತರೆ ಕಥೆ ತಲೆಯಲ್ಲೇ ಹಳಸುತ್ತದೆ. ಸ್ವತಂತ್ರ ಕಾಮಿಕ್ ಕಲಾವಿದರು ಬೇರೆ ದಾರಿ ಹಿಡಿಯುತ್ತಾರೆ. ತಾವೇ ಬರೆದು, ತಾವೇ ಬಿಡಿಸಿ, ಐವತ್ತೋ ನೂರೋ ಪ್ರತಿ ಮಾಡಿಸಿ, ಕೈಯಿಂದ ಕೈಗೆ ಕೊಡುತ್ತಾರೆ. ಇಂಥ ಪುಟ್ಟ ಸ್ವಂತ ಪ್ರಕಟಣೆಗೆ ಝೀನ್ ಅಂತ ಹೆಸರು. ನಿಮ್ಮ ಕೈಯಲ್ಲಿ ಮುಗಿದ ಒಂದು ಝೀನ್ ಇದ್ದರೆ ಆಮೇಲೆ ಪ್ರಕಾಶಕರ ಜೊತೆ ಮಾತಾಡುವುದೂ ಸುಲಭ.

ಶುರು ಮಾಡಲು ಬೇಕಾದದ್ದು ಇಷ್ಟೇ: ಎ4 ಹಾಳೆ, ಎಚ್‌ಬಿ ಪೆನ್ಸಿಲ್, ರಬ್ಬರ್, ಸ್ಕೇಲ್, ಒಂದು ಕಪ್ಪು ಪೆನ್ನು. ಟ್ಯಾಬ್ಲೆಟ್ ಇದ್ದರೆ ಒಳ್ಳೆಯದೇ, ಇಲ್ಲದಿದ್ದರೆ ಅದಕ್ಕಾಗಿ ಸಾಲ ಮಾಡಬೇಡಿ.

1. ಎಂಟು ಪುಟಕ್ಕೆ ಹಿಡಿಯುವ ಕಥೆ ಆರಿಸಿ

ಜಾಸ್ತಿ ಜನ ಮುಗ್ಗರಿಸುವುದು ಇಲ್ಲೇ. 300 ಪುಟದ ಮಹಾಕಥೆ, ಮೂರು ತಲೆಮಾರು, ಎರಡು ಯುದ್ಧ. ನಾಲ್ಕನೇ ಪುಟಕ್ಕೆ ಕೈ ಸೋತು ಎಲ್ಲ ನಿಂತುಹೋಗುತ್ತದೆ. ಆ ಕಥೆ ಕೆಟ್ಟದ್ದಲ್ಲ, ಅದಕ್ಕೆ ಇನ್ನೂ ಸಮಯ ಬಂದಿಲ್ಲ. ಒಂದು ಡೈರಿಯಲ್ಲಿ ಬರೆದಿಟ್ಟುಬಿಡಿ.

ಮೊದಲ ಪುಸ್ತಕಕ್ಕೆ ಒಂದು ಜಾಗ, ಇಬ್ಬರು ಮನುಷ್ಯರು, ಒಂದು ಬದಲಾವಣೆ ಸಾಕು. ಕೊನೇ ಬಸ್ಸು ತಪ್ಪಿಸಿಕೊಂಡ ಇಬ್ಬರು ಬಸ್‌ಸ್ಟ್ಯಾಂಡಿನಲ್ಲಿ ರಾತ್ರಿ ಕಳೆಯುವುದು. ಅಜ್ಜಿ ಮೊದಲ ಸಲ ವಿಡಿಯೋ ಕಾಲ್ ಮಾಡುವುದು. ನಿಮ್ಮ ಕಥೆಯೂ ಹೀಗೆ ಒಂದೇ ವಾಕ್ಯದಲ್ಲಿ ಹೇಳಲು ಬರಬೇಕು. ಬರದಿದ್ದರೆ ಕಥೆ ಎಂಟು ಪುಟಕ್ಕೆ ಇನ್ನೂ ದೊಡ್ಡದು ಅಂತ ಅರ್ಥ.

2. ಹೆಬ್ಬೆರಳಷ್ಟು ಚಿತ್ರದಲ್ಲಿ ಪೂರ್ತಿ ಪುಸ್ತಕ ಬಿಡಿಸಿ

ಒಂದೊಂದು ಪುಟವನ್ನೂ ಬೆಂಕಿಪೊಟ್ಟಣದ ಅಳತೆಯಲ್ಲಿ ಗೀಚಿಕೊಳ್ಳಿ. ಇದಕ್ಕೆ ಥಂಬ್‌ನೇಲ್ ಎನ್ನುತ್ತಾರೆ. ಕಡ್ಡಿ ಮನುಷ್ಯರೇ ಸಾಕು. ಪುಟದಲ್ಲಿ ಎಷ್ಟು ಚೌಕ, ಯಾರು ಎಲ್ಲಿ ನಿಂತಿದ್ದಾರೆ, ಯಾರು ಮೊದಲು ಮಾತಾಡುತ್ತಾರೆ ಅನ್ನುವುದು ಕಂಡರೆ ಆಯಿತು.

ಚೌಕ ಅಂದರೆ ಪ್ಯಾನೆಲ್, ಗೆರೆ ಹಾಕಿ ಕಟ್ಟಿದ ಒಂದು ಕ್ಷಣ. ಎರಡು ಚೌಕಗಳ ನಡುವೆ ಬಿಡುವ ಬಿಳಿ ಸಂದಿಗೆ ಗಟರ್ ಎನ್ನುತ್ತಾರೆ. ಒಂದು ಚೌಕದಲ್ಲಿ ಎತ್ತಿದ ಕೈ, ಮುಂದಿನದರಲ್ಲಿ ಒಡೆದು ಬಿದ್ದ ಲೋಟ. ನಡುವೆ ಏನಾಯಿತು ಅಂತ ಓದುಗರು ಆ ಸಂದಿಯಲ್ಲಿ ತಾವೇ ಊಹಿಸಿಕೊಳ್ಳುತ್ತಾರೆ. ಎಲ್ಲವನ್ನೂ ಬಿಡಿಸಿ ತೋರಿಸಬೇಕಿಲ್ಲ.

ಪುಟ ತಿರುಗಿಸುವ ಜಾಗವನ್ನು ಬಳಸಿಕೊಳ್ಳಿ. ಕನ್ನಡ ಪುಸ್ತಕದಲ್ಲಿ ಬೆಸ ಸಂಖ್ಯೆಯ ಪುಟಗಳು ಬಲಗಡೆ ಬರುತ್ತವೆ. ಹಾಗಾಗಿ ಬೆಸ ಪುಟದ ಕೊನೇ ಚೌಕದಲ್ಲಿ ಕುತೂಹಲ ಇಡಿ. ಬಾಗಿಲು ಬಡಿದ ಸದ್ದು ಐದನೇ ಪುಟದ ಕೊನೆಯಲ್ಲಿ ಇರಲಿ, ಬಾಗಿಲಲ್ಲಿ ಯಾರಿದ್ದಾರೆ ಅನ್ನುವುದು ಆರನೇ ಪುಟದಲ್ಲಿ ಸಿಗಲಿ. ಅದೇ ಉತ್ತರ ಎದುರು ಪುಟದಲ್ಲೇ ಇದ್ದರೆ ಕಣ್ಣು ಮೊದಲು ಅಲ್ಲಿಗೇ ಹಾರುತ್ತದೆ.

ಮಂಗಾ ಓದಿ ಬೆಳೆದವರಿಗೆ ಒಂದು ಎಚ್ಚರಿಕೆ. ಜಪಾನಿನ ಪುಸ್ತಕದಲ್ಲಿ ಚೌಕಗಳು ಬಲದಿಂದ ಎಡಕ್ಕೆ ಸಾಗುತ್ತವೆ. ಅವರ ಪುಟ ಜೋಡಣೆಯನ್ನು ಹಾಗೇ ಎತ್ತಿಕೊಂಡರೆ ಕನ್ನಡದಲ್ಲಿ ಓದುವ ಕ್ರಮವೇ ತಲೆಕೆಳಗಾಗುತ್ತದೆ.

3. ಒಂದು ಹಾಳೆ ಮಡಿಸಿ, ಅಣಕು ಪುಸ್ತಕ ಮಾಡಿ

ಎ4 ಹಾಳೆಯನ್ನು ಅಡ್ಡಡ್ಡ ಇಟ್ಟುಕೊಳ್ಳಿ. ಉದ್ದಕ್ಕೆ ಒಂದು ಸಲ, ಅಗಲಕ್ಕೆ ಎರಡು ಸಲ ಮಡಿಸಿ ಬಿಚ್ಚಿದರೆ ಎಂಟು ಖಾನೆ ಬರುತ್ತವೆ, ಮೇಲೆ ನಾಲ್ಕು, ಕೆಳಗೆ ನಾಲ್ಕು. ಕೆಳಗಿನ ಸಾಲಿನಲ್ಲಿ ಎಡದಿಂದ 6, 7, 8, 1 ಅಂತ ಬರೆಯಿರಿ. ಮೇಲಿನ ಸಾಲಿನಲ್ಲಿ ಎಡದಿಂದ 5, 4, 3, 2. ಮೇಲಿನ ಸಾಲಿನ ಚಿತ್ರಗಳು ತಲೆಕೆಳಗಾಗಿ ಇರಬೇಕು. 1 ಮುಖಪುಟ, 8 ಹಿಂಬದಿ ರಕ್ಷಾಪುಟ.

ಈಗ ಮಧ್ಯದ ಉದ್ದ ಮಡಿಕೆಯಲ್ಲಿ ನಡುವಿನ ಎರಡು ಖಾನೆಯಷ್ಟು ಮಾತ್ರ ಕತ್ತರಿಸಿ. ಹಾಳೆಯನ್ನು ಉದ್ದಕ್ಕೆ ಮಡಿಸಿ ಎರಡೂ ತುದಿಯನ್ನು ಒಳಗೆ ತಳ್ಳಿ. ಸೀಳಿದ ಜಾಗ ಅರಳಿ ನಾಲ್ಕು ರೆಕ್ಕೆ ಆಗುತ್ತದೆ. ಸುತ್ತ ಮಡಿಸಿದರೆ ಪುಸ್ತಕ ತಯಾರು. ಪಿನ್ನೂ ಬೇಡ, ಅಂಟೂ ಬೇಡ. ಜೆರಾಕ್ಸ್ ಅಂಗಡಿಯಲ್ಲಿ ಒಂದೇ ಬದಿ ಪ್ರತಿ ತೆಗೆಸಿದರೆ ಸಾಕು. ಎಷ್ಟೋ ಜನರ ಮೊದಲ ಪುಸ್ತಕ ಹೀಗೇ ಆಗಿದೆ. ನಿಮ್ಮದೂ ಹೀಗೇ ಆಗಲಿ ಅನ್ನುವುದು ನನ್ನ ಆಸೆ. ಮೊದಲು ಖಾಲಿ ಹಾಳೆಯಲ್ಲಿ ಒಮ್ಮೆ ಮಡಿಸಿ, ನಂಬರ್ ಸರಿ ಬಂತಾ ನೋಡಿಕೊಳ್ಳಿ, ಆಮೇಲೆ ಬಿಡಿಸಿ.

ಇದನ್ನು ಮುಗಿಸಿ ನಾಲ್ಕು ಜನರಿಗೆ ಕೊಟ್ಟ ಮೇಲೆ ಮುಂದಿನ ಹಂತಕ್ಕೆ ಬನ್ನಿ. ಇಲ್ಲಿಂದ ಮುಂದೆ ಹೇಳುವುದು 16 ಪುಟದ ಎ5 ಪುಸ್ತಕಕ್ಕೆ. ಅಂದರೆ ಎ4ನಲ್ಲಿ ಅರ್ಧ, 148 ಮಿ.ಮೀ. ಅಗಲ, 210 ಮಿ.ಮೀ. ಎತ್ತರ.

4. ಚಿತ್ರಕ್ಕೆ ಮೊದಲು ಅಕ್ಷರಕ್ಕೆ ಜಾಗ ಬಿಡಿ

ಈ ಹಂತದ ಬಗ್ಗೆ ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ. ಒಳ್ಳೆಯ ಚಿತ್ರ ಇರುವ ಕನ್ನಡ ಕಾಮಿಕ್‌ಗಳು ಸೋಲುವುದನ್ನು ನಾನು ಜಾಸ್ತಿ ನೋಡಿರುವುದು ಅಕ್ಷರದಲ್ಲಿ.

ಇಂಗ್ಲಿಷ್ ಕಾಮಿಕ್‌ನಲ್ಲಿ ಮಾತುಗಳೆಲ್ಲ ಸಾಮಾನ್ಯವಾಗಿ ದೊಡ್ಡಕ್ಷರದಲ್ಲಿ ಇರುತ್ತವೆ. ಮೇಲೆ ಏಳುವುದೂ ಇಲ್ಲ, ಕೆಳಗೆ ಇಳಿಯುವುದೂ ಇಲ್ಲ, ಇಟ್ಟಿಗೆ ಜೋಡಿಸಿದ ಹಾಗೆ. ಕನ್ನಡ ಹಾಗಲ್ಲ ಅಲ್ವಾ? ತಲೆಕಟ್ಟು, ಗುಡಿಸು ಮೇಲೆ ಹೋಗುತ್ತವೆ. ಒತ್ತಕ್ಷರ ಕೆಳಗೆ ಇಳಿಯುತ್ತದೆ. ಕೊಂಬು, ದೀರ್ಘ ಬಲಕ್ಕೆ ಹರಡುತ್ತವೆ. ಇಂಗ್ಲಿಷ್ ಪುಸ್ತಕದಲ್ಲಿ ಮಾತು ಬರೆಯುವ ಗುಳ್ಳೆ ನೋಡಿ ಅಷ್ಟೇ ಜಾಗದಲ್ಲಿ ಕನ್ನಡ ತುರುಕಿದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ಡಿಕ್ಕಿ ಹೊಡೆಯುತ್ತದೆ.

ಕೈಬರಹದಲ್ಲಿ ಬರೆಯುವುದಾದರೆ ಪೆನ್ಸಿಲಿನಲ್ಲಿ ಒಂದೊಂದು ಸಾಲಿಗೂ ಮೂರು ಪಟ್ಟಿ ಎಳೆದುಕೊಳ್ಳಿ. ನಡುವಿನದು ಅಕ್ಷರದ ಮೈಗೆ, ಮೇಲಿನದು ಗುಡಿಸಿಗೆ, ಕೆಳಗಿನದು ಒತ್ತಿಗೆ. ಕೆಳಗಿನ ಪಟ್ಟಿಯನ್ನು ನಡುವಿನದಕ್ಕಿಂತ ತೀರ ಸಣ್ಣದು ಮಾಡಬೇಡಿ. ಕೈಬರಹ ದುಂಡಗೆ ಇಲ್ಲ ಅಂತ ಹಿಂಜರಿಯಬೇಡಿ. ಎಲ್ಲ ಅಕ್ಷರವೂ ಒಂದೇ ಎತ್ತರ ಇದ್ದರೆ ಓದಲು ತೊಂದರೆ ಇಲ್ಲ. ಕೈಬರಹ ಚಿತ್ರದ ಜೊತೆ ಬೆರೆಯುವ ಹಾಗೆ ಯಾವ ಫಾಂಟೂ ಬೆರೆಯುವುದಿಲ್ಲ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಕಂಪ್ಯೂಟರಿನಲ್ಲಿ ಬರೆಯುವುದಾದರೆ ಯೂನಿಕೋಡ್ ಫಾಂಟನ್ನೇ ಬಳಸಿ. ಯೂನಿಕೋಡ್ ಅಂದರೆ ಎಲ್ಲ ಕಂಪ್ಯೂಟರುಗಳೂ ಅಕ್ಷರವನ್ನು ಒಂದೇ ಥರ ಗುರುತಿಸುವ ಸಂಕೇತ ಪದ್ಧತಿ. ಗೂಗಲ್ ಫಾಂಟ್ಸ್‌ನಲ್ಲಿ ಬಾಲೂ ತಮ್ಮ, ಅಕಾಯ ಕನ್ನಡಕ, ಅನೇಕ್ ಕನ್ನಡ, ಬೆಣ್ಣೆ, ನೋಟೋ ಸಾನ್ಸ್ ಕನ್ನಡ ಇವೆಲ್ಲ ಉಚಿತವಾಗಿ ಸಿಗುತ್ತವೆ. ಅವುಗಳ ಪರವಾನಗಿ ಮುಕ್ತವಾದದ್ದು, ಮಾರುವ ಪುಸ್ತಕದಲ್ಲೂ ಬಳಸಬಹುದು. ಮಾತಿಗೆ ಬಾಲೂ ತಮ್ಮ, ಶೀರ್ಷಿಕೆಗೆ ಅಕಾಯ ಕನ್ನಡಕ ನನಗೆ ಹಿಡಿಸಿದ ಜೋಡಿ.

ಹಳೆಯ ನುಡಿ, ಬರಹ ಫಾಂಟುಗಳ ಬಗ್ಗೆ ಎಚ್ಚರ. ಡಿಟಿಪಿ ಅಂಗಡಿಗಳಲ್ಲಿ ಅವು ಇನ್ನೂ ಓಡುತ್ತಿವೆ. ಅವುಗಳಲ್ಲಿ ಯೂನಿಕೋಡ್ ಅಲ್ಲದವೂ ಇವೆ. ಅಂಥದ್ದರಲ್ಲಿ ಟೈಪ್ ಮಾಡಿಸಿದ ಮಾತನ್ನು ಆಮೇಲೆ ಬೇರೆ ಫಾಂಟಿಗೆ ಬದಲಿಸಿದರೆ ಅರ್ಥವಿಲ್ಲದ ಚಿಹ್ನೆಗಳ ರಾಶಿ ಆಗುತ್ತದೆ.

ಎಡವಿ ಬೀಳುವ ಇನ್ನೊಂದು ಗುಂಡಿ ಇದೆ. ಚಿತ್ರ ಬಿಡಿಸುವ ಕೆಲವು ತಂತ್ರಾಂಶಗಳಿಗೆ ಒತ್ತಕ್ಷರ ಜೋಡಿಸಲು ಬರುವುದಿಲ್ಲ. ನನ್ನ ಮೊದಲ 16 ಪುಟದ ಪುಸ್ತಕದಲ್ಲಿ ಹೀಗೇ ಆಯಿತು. ಪರದೆಯ ಮೇಲೆ ಸರಿಯಾಗಿದ್ದ "ಅಜ್ಜಿ" ಅಚ್ಚಾದ 60 ಪ್ರತಿಯಲ್ಲೂ "ಅಜ್‌ಜಿ" ಆಗಿ ಬಂತು. ಕಥೆಯೇ ಅಜ್ಜಿಯದ್ದು. ಅಷ್ಟೂ ಪ್ರತಿಯಲ್ಲಿ ಕೈಯಿಂದ ತಿದ್ದಲು ಎರಡು ದಿನ ಹಿಡಿಯಿತು. ಹಾಗಾಗಿ ಯಾವುದೇ ತಂತ್ರಾಂಶದಲ್ಲಿ ಮೊದಲು "ಸ್ತ್ರೀ, ಕರ್ಮ, ಜ್ಞಾನ, ಅಜ್ಜಿ, ರಾಷ್ಟ್ರ" ಅಂತ ಟೈಪ್ ಮಾಡಿ ನೋಡಿ. ಉಚಿತವಾಗಿ ಸಿಗುವ ಇಂಕ್‌ಸ್ಕೇಪ್‌ನಲ್ಲಿ ಕನ್ನಡ ಸರಿಯಾಗಿ ಕೂರುತ್ತದೆ. ಪುಟ ಜೋಡಿಸಲು ಸ್ಕ್ರೈಬಸ್ ಬಳಸುವುದಾದರೆ 1.6 ಅಥವಾ ಅದಕ್ಕಿಂತ ಹೊಸದು ಇರಲಿ. ಫೋಟೋಶಾಪ್‌ನ ಹಳೆಯ ಆವೃತ್ತಿಯಲ್ಲಿ ಒತ್ತು ಒಡೆದರೆ ಪ್ರಿಫರೆನ್ಸಸ್‌ನ ಟೈಪ್ ವಿಭಾಗಕ್ಕೆ ಹೋಗಿ "ವರ್ಲ್ಡ್ ರೆಡಿ ಲೇಔಟ್" ಆರಿಸಿ. ಎಲ್ಲ ಮುಗಿದ ಮೇಲೆ ಅಕ್ಷರಗಳನ್ನು ಗೆರೆಯಾಗಿ ಬದಲಿಸಿದ ಒಂದು ಪ್ರತಿ ಮಾಡಿ ಅಚ್ಚಿಗೆ ಕೊಡಿ. ಇದಕ್ಕೆ ಔಟ್‌ಲೈನ್ ಅಥವಾ ಪಾತ್‌ಗೆ ಬದಲಿಸುವುದು ಎನ್ನುತ್ತಾರೆ. ಆಗ ಪ್ರೆಸ್ಸಿನವರ ಹತ್ತಿರ ನಿಮ್ಮ ಫಾಂಟ್ ಇಲ್ಲದಿದ್ದರೂ ನಡೆಯುತ್ತದೆ. ತಿದ್ದಲು ಬರುವ ಮೂಲ ಫೈಲು ನಿಮ್ಮಲ್ಲೇ ಇರಲಿ.

ಇನ್ನು ಮಾತಿನ ವಿಷಯ. ನಮ್ಮಲ್ಲಿ ಒಂದೇ ಪದ ಒಂದು ಸಾಲು ತಿನ್ನುತ್ತದೆ. "ಹೋಗಬೇಕಾಗಿತ್ತಲ್ಲವೇ" ಅಂತ ಗುಳ್ಳೆಯಲ್ಲಿ ಬರೆದರೆ ಜಾಗವೂ ಸಾಲದು, ಕೇಳಲಿಕ್ಕೂ ಹಾಗೆ ಯಾರೂ ಮಾತಾಡುವುದಿಲ್ಲ. "ಹೋಗ್ಬೇಕಿತ್ತಲ್ವಾ" ಅನ್ನಿ. ಮಂಡ್ಯದ ಪಾತ್ರ "ಓಯ್ತಾವ್ನೆ" ಅನ್ನಲಿ, ಧಾರವಾಡದ ಪಾತ್ರ "ಹೊಂಟಾನ" ಅನ್ನಲಿ. ಪಾತ್ರ ಯಾವ ಊರಿನದು ಅಂತ ಬೇರೆ ಹೇಳುವ ಕೆಲಸವೇ ಇರುವುದಿಲ್ಲ. ನಿಮಗೆ ಗೊತ್ತಿಲ್ಲದ ಸೀಮೆಯ ಮಾತು ಬರೆಯುವಾಗ ಮಾತ್ರ ಆ ಊರಿನವರಿಗೆ ಒಮ್ಮೆ ಓದಿಸಿ. ಸಿನಿಮಾ ನೋಡಿ ಕಲಿತ ಆಡುಮಾತು ಆ ಊರಿನವರ ಕಿವಿಗೆ ಚುಚ್ಚುತ್ತದೆ.

ನಾನು ಇಟ್ಟುಕೊಂಡ ಲೆಕ್ಕ: ಒಂದು ಗುಳ್ಳೆಗೆ ಹನ್ನೆರಡು ಪದ, ಒಂದು ಚೌಕಕ್ಕೆ ಎರಡು ಗುಳ್ಳೆ. ಮೀರಿದರೆ ಇನ್ನೊಂದು ಚೌಕ. ಮೊದಲು ಮಾತಾಡುವವರ ಗುಳ್ಳೆ ಎಡಕ್ಕೆ ಮತ್ತು ಮೇಲೆ ಇರಲಿ. ಗುಳ್ಳೆಯ ಬಾಲ ಬಾಯಿಯ ಕಡೆ ತೋರಿಸಲಿ. ಪೆನ್ಸಿಲ್ ಹಂತದಲ್ಲೇ ಮಾತನ್ನು ಬರೆದು, ಸುತ್ತ ಗುಳ್ಳೆ ಎಳೆದು, ಉಳಿದ ಜಾಗದಲ್ಲಿ ಚಿತ್ರ ಬಿಡಿಸಿ.

ಸದ್ದಿನ ಪದಗಳಲ್ಲಿ ನಾವು ಶ್ರೀಮಂತರು. ಬಾಗಿಲಿಗೆ ಧಡಾರ್, ಮಳೆಗೆ ಪಟಪಟ, ಒಣಗಿದ ಎಲೆಗೆ ಚರಚರ, ಹಲಸಿನ ಹಣ್ಣು ಬಿದ್ದರೆ ದೊಪ್, ಕೆನ್ನೆಗೆ ಬಿದ್ದರೆ ಛಟೀರ್, ಹಳೆ ಗೇಟಿಗೆ ಕಿರ್ರ್. "ಬೂಮ್", "ಕ್ರ್ಯಾಶ್" ಸಾಲ ತರುವುದು ಯಾಕೆ? ಇವನ್ನು ಫಾಂಟಿನಲ್ಲಿ ಹಾಕಬೇಡಿ, ಚಿತ್ರದ ಭಾಗವಾಗಿ ಬಿಡಿಸಿ. ದೊಪ್ ಅನ್ನುವ ಅಕ್ಷರ ದಪ್ಪಗಿದ್ದು ನೆಲಕ್ಕೆ ಕೂತಿರಲಿ, ಒತ್ತುಗಳು ಗೆರೆಯಾಚೆ ಜಿಗಿಯಲಿ. ನಮ್ಮ ಲಿಪಿಯ ದುಂಡು ಇಲ್ಲಿ ಎಷ್ಟು ಚೆನ್ನಾಗಿ ಆಡುತ್ತದೆ ಅಂದರೆ, ಒಮ್ಮೆ ರುಚಿ ಹತ್ತಿದರೆ ನೀವು ಬಿಡುವುದಿಲ್ಲ.

5. ಬಿಡಿಸಿ, ಶಾಯಿ ಹಾಕಿ

ಎ5 ಪುಸ್ತಕಕ್ಕೆ ಎ4 ಹಾಳೆಯಲ್ಲಿ ಬಿಡಿಸಿ. ಅಚ್ಚಿನಲ್ಲಿ ಅದು ನೂರಕ್ಕೆ ಸುಮಾರು 71ರಷ್ಟಕ್ಕೆ ಕುಗ್ಗುತ್ತದೆ. ಸಣ್ಣಪುಟ್ಟ ನಡುಕ ಮಾಯವಾಗುತ್ತದೆ, ಗೆರೆ ಬಿಗಿಯಾಗಿ ಕಾಣುತ್ತದೆ. ಆದರೆ ಗೆರೆಯೂ ಅಕ್ಷರವೂ ಅಷ್ಟೇ ಕುಗ್ಗುತ್ತವೆ ಅನ್ನುವುದು ನೆನಪಿರಲಿ. ಚೌಕದ ಗೆರೆಗೆ 0.8 ಪೆನ್ನು, ಜನರಿಗೆ 0.5, ಹಿನ್ನೆಲೆಗೆ 0.3 ಸಾಕು. ಅದಕ್ಕಿಂತ ತೆಳು ಗೆರೆ ಜೆರಾಕ್ಸಿನಲ್ಲಿ ಹಾರಿಹೋಗುತ್ತದೆ.

ಶಾಯಿ ವಾಟರ್‌ಪ್ರೂಫ್ ಆಗಿರಬೇಕು. ರಬ್ಬರ್ ಹಾಕುವ ಮೊದಲು ಚೆನ್ನಾಗಿ ಒಣಗಲಿ. ಹಾಳೆ ದಪ್ಪ ಇರಲಿ, ಸುಮಾರು 200 ಜಿಎಸ್‌ಎಂ. ಜಿಎಸ್‌ಎಂ ಅಂದರೆ ಒಂದು ಚದರ ಮೀಟರ್ ಕಾಗದದ ತೂಕ ಎಷ್ಟು ಗ್ರಾಂ ಅನ್ನುವ ಲೆಕ್ಕ. ಮಾಮೂಲಿ ಜೆರಾಕ್ಸ್ ಹಾಳೆ 70 ಅಥವಾ 75 ಇರುತ್ತದೆ. ಬೆಂಗಳೂರಿನವರು ಅವೆನ್ಯೂ ರಸ್ತೆಯಲ್ಲಿ ಒಂದು ಮಧ್ಯಾಹ್ನ ಸುತ್ತಿದರೆ ಹಾಳೆ, ಪೆನ್ನು ಎಲ್ಲ ಸಿಗುತ್ತದೆ.

ಟ್ಯಾಬ್ಲೆಟ್ ಅಥವಾ ಕಂಪ್ಯೂಟರಿನಲ್ಲಿ ಬಿಡಿಸುವವರಿಗೆ ಕ್ರಿತಾ ಅನ್ನುವ ತಂತ್ರಾಂಶ ಉಚಿತ, ಒಳ್ಳೆಯದು ಕೂಡ.

6. ಸ್ಕ್ಯಾನ್ ಮಾಡಿ, ಫೈಲು ಸಿದ್ಧ ಮಾಡಿ

ಮೊಬೈಲ್ ಫೋಟೋ ಅಚ್ಚಿಗೆ ಆಗುವುದಿಲ್ಲ. ಒಂದು ಮೂಲೆ ಕಪ್ಪಾಗಿ, ಗೆರೆ ಬಾಗಿ ಬರುತ್ತದೆ. ಸ್ಕ್ಯಾನರಿನಲ್ಲೇ ಮಾಡಿಸಿ. ಬರೀ ಕಪ್ಪು ಗೆರೆ ಇದ್ದರೆ 600 ಡಿಪಿಐ, ಬಣ್ಣ ಅಥವಾ ಬೂದು ಛಾಯೆ ಇದ್ದರೆ 300 ಡಿಪಿಐ. ಡಿಪಿಐ ಅಂದರೆ ಒಂದು ಇಂಚಿನಲ್ಲಿ ಎಷ್ಟು ಚುಕ್ಕೆ ಅನ್ನುವುದು. 300ರಲ್ಲಿ ಎ5 ಪುಟದ ಅಳತೆ 1748 ಗುಣಿಸು 2480 ಪಿಕ್ಸೆಲ್. ನೇರವಾಗಿ ಕಂಪ್ಯೂಟರಿನಲ್ಲಿ ಬಿಡಿಸುವವರು ಮೊದಲೇ ಈ ಅಳತೆ ಅಥವಾ ಇದಕ್ಕಿಂತ ದೊಡ್ಡದು ಇಟ್ಟುಕೊಳ್ಳಿ. ಸಣ್ಣದಾಗಿ ಬಿಡಿಸಿ ಆಮೇಲೆ ಹಿಗ್ಗಿಸಿದರೆ ಮಸುಕಾಗುತ್ತದೆ.

ಚಿತ್ರ ಪುಟದ ಅಂಚಿನವರೆಗೂ ಹೋಗುತ್ತಿದ್ದರೆ ನಾಲ್ಕೂ ಕಡೆ 3 ಮಿ.ಮೀ. ಹೆಚ್ಚು ಬಿಡಿಸಿ. ಇದಕ್ಕೆ ಬ್ಲೀಡ್ ಎನ್ನುತ್ತಾರೆ. ಕತ್ತರಿಸುವ ಯಂತ್ರ ಕೂದಲೆಳೆ ಆಚೀಚೆ ಹೋದರೂ ಬಿಳಿ ಪಟ್ಟಿ ಉಳಿಯಬಾರದು ಅಂತ ಈ ಏರ್ಪಾಡು. ಹಾಗೇ ಯಾವ ಅಕ್ಷರವೂ ಅಂಚಿಗೆ 7 ಮಿ.ಮೀ.ಗಿಂತ ಹತ್ತಿರ ಬಾರದಿರಲಿ.

ಬಣ್ಣದ ಪುಸ್ತಕವಾದರೆ, ಪರದೆಯ ಬಣ್ಣ ಆರ್‌ಜಿಬಿ (ಕೆಂಪು, ಹಸಿರು, ನೀಲಿ), ಅಚ್ಚಿನ ಬಣ್ಣ ಸಿಎಂವೈಕೆ (ಸಯಾನ್, ಮಜೆಂಟಾ, ಹಳದಿ, ಕಪ್ಪು). ಪರದೆಯಲ್ಲಿ ಮಿಂಚುವ ಹಸಿರು, ನೀಲಿ ಕಾಗದದ ಮೇಲೆ ಮಂಕಾಗುತ್ತವೆ. ಮೊದಲ ಪುಸ್ತಕವನ್ನು ಕಪ್ಪು ಬಿಳುಪಿನಲ್ಲೇ ಮಾಡಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ.

7. ಅಚ್ಚು

ಪಿನ್ ಹೊಡೆದ ಪುಸ್ತಕದ ಪುಟಗಳು ಯಾವಾಗಲೂ ನಾಲ್ಕರ ಮಗ್ಗಿಯಲ್ಲಿ ಇರಬೇಕು: 8, 12, 16, 20. ಒಂದು ಎ4 ಹಾಳೆ ಮಡಿಸಿದರೆ ನಾಲ್ಕು ಎ5 ಪುಟ. 14 ಪುಟದ ಕಥೆ ತಂದರೆ ಎರಡು ಪುಟ ಖಾಲಿ ಉಳಿಯುತ್ತವೆ. ಆ ಎರಡರಲ್ಲಿ ಏನು ಹಾಕಬೇಕು ಅಂತ ಮೊದಲೇ ಯೋಚಿಸಿ.

ಅಚ್ಚಿನ ಹಾಳೆಯಲ್ಲಿ ಪುಟಗಳು ಓದುವ ಕ್ರಮದಲ್ಲಿ ಇರುವುದಿಲ್ಲ. 16 ಪುಟದ ಪುಸ್ತಕದ ಮೊದಲ ಹಾಳೆಯ ಹೊರಬದಿಯಲ್ಲಿ 16 ಮತ್ತು 1, ಒಳಬದಿಯಲ್ಲಿ 2 ಮತ್ತು 15. ಎರಡನೆಯದರಲ್ಲಿ 14 ಮತ್ತು 3, ಒಳಗೆ 4 ಮತ್ತು 13. ಮೂರನೆಯದರಲ್ಲಿ 12 ಮತ್ತು 5, ಒಳಗೆ 6 ಮತ್ತು 11. ನಾಲ್ಕನೆಯದರಲ್ಲಿ 10 ಮತ್ತು 7, ನಟ್ಟನಡುವೆ 8 ಮತ್ತು 9. ಪರೀಕ್ಷೆ ಸುಲಭ: ಯಾವ ಜೋಡಿ ಕೂಡಿಸಿದರೂ 17 ಬರಬೇಕು, ಅಂದರೆ ಒಟ್ಟು ಪುಟಕ್ಕಿಂತ ಒಂದು ಜಾಸ್ತಿ. ಬರದಿದ್ದರೆ ಎಲ್ಲೋ ತಪ್ಪಿದೆ. ಎಷ್ಟೋ ಪಿಡಿಎಫ್ ತಂತ್ರಾಂಶಗಳಲ್ಲಿ "ಬುಕ್‌ಲೆಟ್" ಅನ್ನುವ ಆಯ್ಕೆ ಇದೆ, ಅದು ಈ ಜೋಡಣೆಯನ್ನು ತಾನೇ ಮಾಡುತ್ತದೆ. ಎರಡೂ ಬದಿ ಪ್ರಿಂಟ್ ಕೊಡುವಾಗ ಹಾಳೆ ಗಿಡ್ಡ ಅಂಚಿನಲ್ಲಿ ತಿರುಗುವಂತೆ ಆರಿಸಿ. ಉದ್ದ ಅಂಚು ಆರಿಸಿದರೆ ಹಿಂಬದಿಯ ಪುಟಗಳೆಲ್ಲ ತಲೆಕೆಳಗಾಗಿ ಬರುತ್ತವೆ.

ನೂರಿನ್ನೂರು ಪ್ರತಿವರೆಗೆ ಡಿಜಿಟಲ್ ಪ್ರಿಂಟ್ ಸರಿ. ಆಫ್‌ಸೆಟ್‌ನಲ್ಲಿ, ಅಂದರೆ ಪ್ಲೇಟಿನಿಂದ ಅಚ್ಚು ಹಾಕುವ ವಿಧಾನದಲ್ಲಿ, ಆ ಪ್ಲೇಟ್ ಮಾಡುವ ಖರ್ಚು ಮೊದಲೇ ಬೀಳುತ್ತದೆ. ಹಾಗಾಗಿ ಪ್ರತಿ ಜಾಸ್ತಿ ಆದಾಗಲೇ ಅದು ಅಗ್ಗ. "ಇನ್ನೂರು ಜಾಸ್ತಿ ಹಾಕಿಸಿ, ರೇಟ್ ಕಮ್ಮಿ ಆಗುತ್ತೆ" ಅಂತ ಪ್ರೆಸ್ಸಿನವರು ಹೇಳಿದರೆ ಅವರ ಲೆಕ್ಕ ಸರಿಯೇ. ಆದರೆ ಮನೆಯ ಮಂಚದ ಕೆಳಗೆ ಕೂರುವ ಆ ಇನ್ನೂರು ಪ್ರತಿಗೂ ದುಡ್ಡು ಕೊಟ್ಟಿರುವುದು ನೀವು. ಮೊದಲು 50 ಮಾಡಿಸಿ.

ಒಳಪುಟಕ್ಕೆ 100 ಜಿಎಸ್‌ಎಂ ಮ್ಯಾಪ್‌ಲಿಥೋ ಕೇಳಿ, ಅಂದರೆ ಹೊಳಪಿಲ್ಲದ ಬಿಳಿ ಕಾಗದ. ಹಿಂದಿನ ಪುಟದ ಕಪ್ಪು ಈಚೆ ಕಾಣುವುದು ಕಡಿಮೆಯಾಗುತ್ತದೆ. ರಕ್ಷಾಪುಟಕ್ಕೆ 220 ಅಥವಾ 250. ಪೂರ್ತಿ ಅಚ್ಚು ಮಾಡುವ ಮೊದಲು ಒಂದೇ ಒಂದು ಪ್ರತಿ ಮಾಡಿಸಿ, ಮಡಿಸಿ, ಪಿನ್ ಹೊಡೆದು, ಹಗಲು ಬೆಳಕಿನಲ್ಲಿ ಪೂರ್ತಿ ಓದಿ. ಆ ಒಂದು ಪ್ರತಿಗೆ ರೇಟ್ ಜಾಸ್ತಿ ಹೇಳಿದರೂ ಕೊಡಿ. ನನ್ನ "ಅಜ್‌ಜಿ" ಆಗ ಸಿಕ್ಕಿಬೀಳುತ್ತಿತ್ತು.

ಮಾಮೂಲಿ ಸ್ಟೇಪ್ಲರ್ ಪುಸ್ತಕದ ನಡುವಿಗೆ ಎಟುಕುವುದಿಲ್ಲ. ಉದ್ದ ಕೈಯ ಸ್ಟೇಪ್ಲರ್ ಇಲ್ಲದಿದ್ದರೆ ದಬ್ಬಣ, ದಾರ ತೆಗೆದುಕೊಳ್ಳಿ. ಮಡಿಕೆಯ ಮೇಲೆ ಮೂರು ತೂತು. ನಡುವಿನ ತೂತಿನಲ್ಲಿ ಒಳಗಿನಿಂದ ಹೊರಗೆ, ಮೇಲಿನದರಲ್ಲಿ ಒಳಕ್ಕೆ, ಕೆಳಗಿನದರಲ್ಲಿ ಹೊರಕ್ಕೆ, ಮತ್ತೆ ನಡುವಿನದರಲ್ಲಿ ಒಳಕ್ಕೆ. ಒಳಗೆ ಉದ್ದಕ್ಕೆ ಹಾದುಹೋದ ದಾರವನ್ನು ನಡುವೆ ಸಿಗಿಸಿ ಗಂಟು ಹಾಕಿ. ಕೈಯಲ್ಲಿ ಹೊಲಿದ ಪುಸ್ತಕವನ್ನು ಜನ ಪ್ರೀತಿಯಿಂದ ಎತ್ತಿಕೊಳ್ಳುತ್ತಾರೆ.

8. ಹಕ್ಕು ನಿಮ್ಮದು, ಕಾಗದದಲ್ಲೂ ಇರಲಿ

1957ರ ಹಕ್ಕುಸ್ವಾಮ್ಯ ಕಾಯ್ದೆಯ ಪ್ರಕಾರ ನೀವು ಬಿಡಿಸಿದ ಕ್ಷಣದಿಂದಲೇ ಹಕ್ಕು ನಿಮ್ಮದು. ನೋಂದಣಿ ಕಡ್ಡಾಯವಲ್ಲ. ನೀವು ಬದುಕಿರುವವರೆಗೆ, ಆಮೇಲೆ 60 ವರ್ಷ ಅದು ಇರುತ್ತದೆ. ಒಳಪುಟದಲ್ಲಿ ನಿಮ್ಮ ಹೆಸರು, ವರ್ಷ ಹಾಕಿ.

ಯಾರಾದರೂ ನಿಮ್ಮ ಕಾಮಿಕ್ ಪ್ರಕಟಿಸುತ್ತೇವೆ ಅಂತ ಬಂದರೆ ಖುಷಿಯಲ್ಲಿ ಸಹಿ ಹಾಕಬೇಡಿ. ಹಕ್ಕಿನ ವರ್ಗಾವಣೆ ಬರವಣಿಗೆಯಲ್ಲಿ, ಸಹಿಯೊಂದಿಗೆ ಇರಬೇಕು. ಅವಧಿ ಬರೆಯದಿದ್ದರೆ 5 ವರ್ಷ, ಪ್ರದೇಶ ಬರೆಯದಿದ್ದರೆ ಭಾರತ ಅಂತ ಕಾಯ್ದೆಯೇ ಹೇಳುತ್ತದೆ. ಆದರೆ "ಎಲ್ಲ ಹಕ್ಕೂ, ಎಂದೆಂದಿಗೂ" ಅಂತ ಬರೆದ ಕಾಗದಕ್ಕೆ ನೀವೇ ಸಹಿ ಹಾಕಿದರೆ ನಿಮ್ಮ ಪಾತ್ರವನ್ನು ಮತ್ತೆ ಬಿಡಿಸಲು ನೀವೇ ಅಪ್ಪಣೆ ಕೇಳಬೇಕಾಗಬಹುದು. ಎಷ್ಟು ವರ್ಷಕ್ಕೆ, ಯಾವ ಭಾಷೆಗೆ, ಪುಸ್ತಕಕ್ಕೆ ಮಾತ್ರವೋ ಸಿನಿಮಾ ಮತ್ತು ಆಟಿಕೆಗೂ ಸೇರಿಯೋ, ಬಿಡಿಸಿ ಬರೆಸಿಕೊಳ್ಳಿ. ಕಥೆ ಗೆಳೆಯನದು, ಚಿತ್ರ ನಿಮ್ಮದು ಅಂತಾದರೆ ಇಬ್ಬರೂ ಕೂತು ಒಂದು ಪುಟದ ಒಪ್ಪಂದ ಮಾಡಿಕೊಳ್ಳಿ. ಸ್ನೇಹ ಉಳಿಯುತ್ತದೆ.

ಐಎಸ್‌ಬಿಎನ್, ಅಂದರೆ ಪುಸ್ತಕದ ಗುರುತಿನ ಸಂಖ್ಯೆ, ಪುಟ್ಟ ಝೀನ್‌ಗೆ ಬೇಕಿಲ್ಲ. ಅಂಗಡಿ, ಗ್ರಂಥಾಲಯಕ್ಕೆ ಕೊಡುವ ಪುಸ್ತಕಕ್ಕೆ ಬೇಕಾಗಬಹುದು. ದೆಹಲಿಯ ರಾಜಾ ರಾಮಮೋಹನ್ ರಾಯ್ ರಾಷ್ಟ್ರೀಯ ಏಜೆನ್ಸಿ ಅದನ್ನು ಉಚಿತವಾಗಿ ಕೊಡುತ್ತದೆ. ಕೊಡಿಸುತ್ತೇವೆ ಅಂತ ಹಣ ಕೇಳುವವರಿದ್ದಾರೆ, ಎಚ್ಚರ.

9. ಬೆಲೆ ಇಡಿ, ಮೇಜು ಹಾಕಿ

ಅಚ್ಚಿನ ಖರ್ಚು ಪ್ರತಿಗೆ 40 ರೂಪಾಯಿ ಬಿತ್ತು ಅಂದುಕೊಳ್ಳಿ. 50ಕ್ಕೆ ಮಾರಿದರೆ ಪುಸ್ತಕದಂಗಡಿಗೆ ಕೊಡಲು ಆಗುವುದಿಲ್ಲ. ಅಂಗಡಿಯವರು ಸಾಮಾನ್ಯವಾಗಿ ನೂರಕ್ಕೆ 30ರಿಂದ 40 ತಮ್ಮ ಪಾಲು ಇಟ್ಟುಕೊಳ್ಳುತ್ತಾರೆ. 100 ಅಥವಾ 120 ಇಟ್ಟರೆ ಅವರ ಪಾಲು ಹೋಗಿ ನಿಮಗೂ ಸ್ವಲ್ಪ ಉಳಿಯುತ್ತದೆ. ಬೆಲೆ ಹೇಳುವಾಗ ತಲೆ ತಗ್ಗಿಸಬೇಡಿ. ಅಂಗಡಿಗೆ ಕೊಟ್ಟ ಪ್ರತಿಗಳ ಲೆಕ್ಕಕ್ಕೆ ಒಂದು ಚೀಟಿಯಲ್ಲಿ ಸಹಿ ಪಡೆಯಿರಿ.

ಬೆಂಗಳೂರಿನಲ್ಲಿ ಕಾಮಿಕ್ ಕಾನ್ ಅನ್ನುವ ಕಾಮಿಕ್ ಮೇಳ 2012ರಿಂದ ನಡೆಯುತ್ತಿದೆ. ಅಲ್ಲಿ ಕಲಾವಿದರಿಗೆ ಬೇರೆಯೇ ಮೇಜುಗಳಿರುತ್ತವೆ. ಶುಲ್ಕ ಇದೆ, ತಿಂಗಳುಗಟ್ಟಲೆ ಮೊದಲೇ ಅರ್ಜಿ ಹಾಕಬೇಕು. ಒಂದೇ ಪುಸ್ತಕ ಇರುವವರು ಮೂವರು ಸೇರಿ ಒಂದು ಮೇಜು ತೆಗೆದುಕೊಳ್ಳಿ. ಇಂಡೀ ಕಾಮಿಕ್ಸ್ ಫೆಸ್ಟ್ ಅನ್ನುವುದು ಸ್ವತಂತ್ರ ಕಲಾವಿದರಿಗೆಂದೇ ಹಲವು ಊರುಗಳಲ್ಲಿ ನಡೆದಿರುವ ಮೇಳ. ಅಲ್ಲಿಗೆ ಬರುವವರು ಪುಟ್ಟ ಪುಸ್ತಕ ಹುಡುಕಿಕೊಂಡೇ ಬರುತ್ತಾರೆ. ಜನವರಿಯಲ್ಲಿ ಬೆಂಗಳೂರಿನ ಕುಮಾರಕೃಪಾ ರಸ್ತೆಯಲ್ಲಿ ನಡೆಯುವ ಚಿತ್ರಸಂತೆಯಲ್ಲಿ ಜನ ಕಿಕ್ಕಿರಿಯುತ್ತಾರೆ, ಆದರೆ ಅವರ ಕಣ್ಣು ಪೇಂಟಿಂಗ್ ಮೇಲೆ ಇರುತ್ತದೆ. ಕಾಮಿಕ್ ಮಾರಲು ಅದನ್ನೇ ನಂಬಬೇಡಿ.

ಮೇಜಿಗೆ ಬೇಕಾದದ್ದು: ಒಂದು ಬಟ್ಟೆ, ಪುಸ್ತಕ ನೆಟ್ಟಗೆ ನಿಲ್ಲಿಸಲು ಸ್ಟ್ಯಾಂಡು, ದೂರದಿಂದ ಕಾಣುವ ಬೆಲೆಪಟ್ಟಿ, ಪಾವತಿಗೆ ಕ್ಯೂಆರ್ ಕೋಡ್, ಚಿಲ್ಲರೆ, ನೀರು. ಮೊಬೈಲ್ ನೋಡುತ್ತಾ ಕೂರಬೇಡಿ. ಖಾಲಿ ಹೊತ್ತಿನಲ್ಲಿ ಸುಮ್ನೆ ಏನಾದರೂ ಬಿಡಿಸುತ್ತಿರಿ. ಬಿಡಿಸುವ ಕೈ ಕಂಡರೆ ಜನ ನಿಲ್ಲುತ್ತಾರೆ.

10. ಬಳಗ ಕಟ್ಟಿಕೊಳ್ಳಿ

ಕಾಮಿಕ್ ಒಂಟಿ ಕೆಲಸ. ಒಂದು ಪುಟಕ್ಕೆ ಒಂದು ಇಡೀ ದಿನ ಹೋಗಬಹುದು, ಓದುಗರು ಅದನ್ನು ಅರ್ಧ ನಿಮಿಷದಲ್ಲಿ ಓದಿಬಿಡುತ್ತಾರೆ. ಈ ಲೆಕ್ಕ ಗೊತ್ತಿರುವವರು ನಾಲ್ಕು ಜನ ಜೊತೆಗಿದ್ದರೆ ಮಾತ್ರ ಎರಡನೇ ಪುಸ್ತಕ ಆಗುತ್ತದೆ. ಇದು ಹೊಸ ಮಾತೇನಲ್ಲ. 1942ರಲ್ಲಿ ವೈದ್ಯರಾಗಿದ್ದ ರಾಶಿ, ಅಂದರೆ ಡಾ. ಎಂ. ಶಿವರಾಂ, ಕೊರವಂಜಿ ಅನ್ನುವ ಹಾಸ್ಯ ಮಾಸಿಕ ಶುರು ಮಾಡಿದರು. ಮೈಸೂರಿನ ಹುಡುಗ ಆರ್.ಕೆ. ಲಕ್ಷ್ಮಣ್ ಓದುವ ದಿನಗಳಲ್ಲೇ ಅದಕ್ಕೆ ಚಿತ್ರ ಬರೆದುಕೊಟ್ಟರು.

ಎಲ್ಲಿ ಹುಡುಕಬೇಕು? ಬೆಂಗಳೂರಿನ ಎಂ.ಜಿ. ರಸ್ತೆಯ ಟ್ರಿನಿಟಿ ವೃತ್ತದ ಹತ್ತಿರ ಭಾರತೀಯ ವ್ಯಂಗ್ಯಚಿತ್ರಕಾರರ ಸಂಸ್ಥೆಯ ಗ್ಯಾಲರಿ ಇದೆ, ಪ್ರದರ್ಶನ ಇದ್ದಾಗ ಹೋಗಿ. ಕರಾವಳಿಯವರಿಗೆ ಕುಂದಾಪುರದಲ್ಲಿ ವ್ಯಂಗ್ಯಚಿತ್ರಕಾರ ಸತೀಶ್ ಆಚಾರ್ಯ ಮತ್ತು ಗೆಳೆಯರು ನಡೆಸುವ ಕಾರ್ಟೂನು ಹಬ್ಬ ಇದೆ. ಮೈಸೂರಿನವರಿಗೆ ಕಾವಾ ಕಲಾ ಕಾಲೇಜಿನ ಸುತ್ತಮುತ್ತ ಬಿಡಿಸುವ ಕೈಗಳು ಸಿಗುತ್ತವೆ. ನಿಮ್ಮ ಊರಿನಲ್ಲಿ ಏನೂ ಇಲ್ಲವೇ? ಇಬ್ಬರು ಸಾಕು. ತಿಂಗಳಿಗೊಂದು ಭಾನುವಾರ ಒಂದೇ ಹೋಟೆಲಿನಲ್ಲಿ ಕೂತು ಬಿಡಿಸಿ.

ಕೂತಾಗ ಆಡಲು ಒಂದು ಆಟ. ಅಮೆರಿಕದ ಕಾಮಿಕ್ ಕಲಾವಿದ ಸ್ಕಾಟ್ ಮೆಕ್‌ಕ್ಲೌಡ್ 1990ರಲ್ಲಿ ಗೆಳೆಯನಿಗೆ ಒಂದು ಸವಾಲು ಹಾಕಿದರು: 24 ಗಂಟೆಯಲ್ಲಿ 24 ಪುಟದ ಕಾಮಿಕ್. ಆಮೇಲೆ ಅದು ಹಲವು ದೇಶಗಳಿಗೆ ಹರಡಿತು. ನೀವು ಎಂಟು ಗಂಟೆಯಲ್ಲಿ ಎಂಟು ಪುಟ ಮಾಡಿ, ಮೂರನೇ ಹಂತದ ಮಡಿಕೆಯಲ್ಲಿ. ಸಂಜೆಗೆ ಪಕ್ಕದ ಜೆರಾಕ್ಸ್ ಅಂಗಡಿಗೆ ಹೋಗಿ ಒಬ್ಬೊಬ್ಬರೂ ಹತ್ತು ಪ್ರತಿ ಮಾಡಿಸಿ ಬದಲಾಯಿಸಿಕೊಳ್ಳಿ.

ಒಬ್ಬರ ಪುಟ ನೋಡುವಾಗ "ಸೂಪರ್" ಅಂತಷ್ಟೇ ಹೇಳಿ ಬಿಡಬೇಡಿ. ಎಲ್ಲಿ ಕಥೆ ಅರ್ಥವಾಗಲಿಲ್ಲ, ಯಾವ ಗುಳ್ಳೆ ಮೊದಲು ಓದಬೇಕು ಅಂತ ಎಲ್ಲಿ ಗೊಂದಲವಾಯಿತು, ಬೆರಳಿಟ್ಟು ತೋರಿಸಿ. ಚಿತ್ರದ ಶೈಲಿ ತಿದ್ದಲು ಹೋಗಬೇಡಿ, ಅದು ಅವರವರದು. ಮೇಳದಲ್ಲಿ ಪಕ್ಕದ ಮೇಜಿನವರ ಒಂದು ಪುಸ್ತಕವನ್ನಾದರೂ ದುಡ್ಡು ಕೊಟ್ಟು ಕೊಳ್ಳಿ. ಸಂಜೆ ಉಳಿದ ಪ್ರತಿಗಳನ್ನು ಅದಲುಬದಲು ಮಾಡಿಕೊಳ್ಳಿ.

ಮೊದಲ ಮುದ್ರಣದ ಎರಡು ಪ್ರತಿಯನ್ನು ಮಾತ್ರ ಯಾರು ಕೇಳಿದರೂ ಕೊಡದೆ ಎತ್ತಿಡಿ. ಒಂದು ಮನೆಯ ಕಪಾಟಿಗೆ. ಇನ್ನೊಂದರಲ್ಲಿ ಓದುಗರು ತೋರಿಸಿದ ತಪ್ಪುಗಳನ್ನೆಲ್ಲ ಕೆಂಪು ಪೆನ್ನಿನಲ್ಲಿ ಗುರುತು ಹಾಕುತ್ತಾ ಹೋಗಿ. ಎರಡನೇ ಮುದ್ರಣಕ್ಕೆ ಪ್ರೆಸ್ಸಿಗೆ ಹೋಗುವ ದಿನ ಅದನ್ನು ಚೀಲದಲ್ಲಿ ಇಟ್ಟುಕೊಳ್ಳಲು ಮರೆಯಬೇಡಿ.